ಹದಿನೇಳನೆಯ ಚಿತ್ರದ ಬೆನ್ನಿನ ರಟ್ಟು

1992ರಲ್ಲಿ ನಾನು ಸಿಡ್ನಿಯ ಒಂದು ವಿಶ್ವವಿದ್ಯಾಲಯದ ಕಲಾಸಂಗ್ರಹದಲ್ಲಿ ಕನ್ಸರ್ವೇಟರ್ ಆಗಿದ್ದೆ. ಹಳೆಯ ಚಿತ್ರಗಳು ಕೆಡದಂತೆ ಕಾಯುವ ಕೆಲಸ. ಆ ವರ್ಷ ನಮ್ಮ ಸಂಗ್ರಹದ ನಲವತ್ತೆರಡು ಆಸ್ಟ್ರೇಲಿಯನ್ ಚಿತ್ರಗಳು ಪ್ರದರ್ಶನಕ್ಕಾಗಿ ಮೆಲ್ಬರ್ನ್‌ಗೆ ಹೊರಟಿದ್ದವು.

ಹೊರಡುವ ಮೊದಲು ಪ್ರತಿ ಚಿತ್ರಕ್ಕೂ ಕಂಡಿಷನ್ ರಿಪೋರ್ಟ್ ಬರೆಯಬೇಕು: ಎಲ್ಲಿ ಕಲೆ, ಎಲ್ಲಿ ಬಿರುಕು, ಏನನ್ನು ಬದಲಾಯಿಸಿದೆವು. ಹದಿನೇಳನೆಯದು ಜಲವರ್ಣ, ಬಟ್ಟೆ ಒಣಹಾಕಿದ ಹಿತ್ತಿಲು. ಹೆಸರಾಂತ ಕಲಾಶಿಕ್ಷಕರೊಬ್ಬರು ಬರೆದದ್ದೆಂದು ದಾಖಲೆ. ಅದರ ಬೆನ್ನಿಗಂಟಿಸಿದ್ದ ರಟ್ಟಿನಲ್ಲಿ ಆಮ್ಲ ಹೆಚ್ಚಿ ಕಂದುಬಣ್ಣ ಬಂದಿತ್ತು. ಹಾಗೇ ಬಿಟ್ಟರೆ ಚಿತ್ರದ ಕಾಗದವನ್ನೂ ತಿನ್ನುತ್ತದೆ. ಬಿಡಿಸಿ ಹೊಸದು ಹಾಕಿದೆ. ಹಳೆಯ ರಟ್ಟಿನ ಮೇಲೆ ಬರಹವಿದ್ದರೆ ಎಸೆಯುವ ಮೊದಲು ಫೋಟೋ ತೆಗೆಯಬೇಕೆಂಬುದು ನಿಯಮ. ಲಾರಿ ಮರುದಿನವೇ ಬರುವುದಿತ್ತು, ಫೋಟೋ ತೆಗೆಯಲಿಲ್ಲ. ‘ಪೆನ್ಸಿಲ್ ಗುರುತುಗಳು, ರಟ್ಟು ವಿಲೇವಾರಿ’ ಎಂದು ಬರೆದು ಸಹಿ ಹಾಕಿದೆ.

ಚಿತ್ರಗಳ ಜೊತೆ ನಾನೂ ಹೋಗಿದ್ದೆ. ಮೆಲ್ಬರ್ನ್‌ನಲ್ಲಿ ಉದ್ಘಾಟನೆಯ ಮಧ್ಯಾಹ್ನ ಜೋನ್ ಎಂಬ ವೃದ್ಧೆ ಆ ಚಿತ್ರದ ಮುಂದಿನಿಂದ ಕದಲಲಿಲ್ಲ. ಒಂದು ಕಾಲದಲ್ಲಿ ಆ ಶಿಕ್ಷಕರ ವಿದ್ಯಾರ್ಥಿನಿಯಾಗಿದ್ದರಂತೆ.

“ಇದು ನಮ್ಮನೆ ಹಿತ್ತಿಲು. ಆ ಹಸಿರು ಸ್ಕರ್ಟು ನಮ್ಮಕ್ಕನದು. ಚಿತ್ರ ನಂದು. ಮೇಷ್ಟ್ರು ನೋಡ್ತೀನಿ ಅಂತ ಇಟ್ಕೊಂಡವರು ವಾಪಸ್ ಕೊಡಲೇ ಇಲ್ಲ. ಬಿಚ್ಚಿ ನೋಡಿ, ಹಿಂದಿನ ರಟ್ಟಿನ ಮೇಲೆ ನನ್ನ ಹೆಸರಿದೆ.”

ಪ್ರದರ್ಶನ ರೂಪಿಸಿದ್ದ ಕ್ಯುರೇಟರ್ ನನ್ನತ್ತ ತಿರುಗಿದರು. “ಹೆಸರಿತ್ತಾ?”

“ಏನೋ ಬರೆದಿತ್ತು.”

“ಏನೋ ಅಂದ್ರೆ ಲೇಬಲ್‌ನಲ್ಲಿ ಕಲಾವಿದರ ಹೆಸರು ಬದಲಾಯಿಸೋಕಾಗಲ್ಲ. ಓದಿದ್ರಾ, ಇಲ್ವಾ?”

“ನೆನಪಿಲ್ಲ.”

ಜೋನ್ ನನ್ನನ್ನು ದಿಟ್ಟಿಸಿದರು. “ಬಿಸಾಡಿದವಳು ನೀನೇನಾ? ಬಹಳ ಚೊಕ್ಕಟ ಕೈ ಬಿಡಮ್ಮ.”

ಆ ಸಂಜೆ ಮೆಲ್ಬರ್ನ್‌ನ ಗ್ಲೆನ್ ವೇವರ್ಲಿ ಬಡಾವಣೆಯಲ್ಲಿ ನಾನು ಉಳಿದುಕೊಂಡಿದ್ದ ಮನೆಯ ಗೆಳತಿ ಗಿರಿಜಾ ಬೈದಳು. “ಓದಿದ್ದೆ ಅಂದ್ಬಿಡ್ಬೇಕಿತ್ತು ಕಣೇ! ಆ ಅಜ್ಜಿಗೆ ಅವರ ಹೆಸರಾದ್ರೂ ಸಿಗ್ತಿತ್ತು.”

“ಸುಳ್ಳು ಸಾಕ್ಷಿ ಆಗ್ತಿತ್ತಲ್ಲೇ.”

“ನೀನು ಹೇಳಿದ್ದು ಮಾತ್ರ ನಿಜಾನಾ?”

ಉತ್ತರ ಇಂದಿಗೂ ಗೊತ್ತಿಲ್ಲ. ಕಣ್ಣು ಮುಚ್ಚಿದರೆ ಈಗ ಆ ರಟ್ಟಿನ ಮೇಲೆ ಜೋನ್ ಎಂಬ ಓರೆ ಅಕ್ಷರಗಳು ಕಾಣುತ್ತವೆ. ಅವನ್ನು ಸಿಡ್ನಿಯ ಮೇಜಿನ ಮೇಲೆ ಕಂಡೆನೋ, ಆಕೆ ಹೇಳಿದ ಮೇಲೆ ನಾನೇ ಬರೆದುಕೊಂಡೆನೋ? ವರ್ಷ ಕಳೆದಂತೆ ಅವು ಸ್ಪಷ್ಟವಾಗುತ್ತಿವೆ. ಅದಕ್ಕೇ ನಂಬಿಕೆ ಕಡಿಮೆಯಾಗುತ್ತಿದೆ. ಖಚಿತವಾಗಿ ನೆನಪಿರುವುದು ಒಂದೇ: ‘ನೆನಪಿಲ್ಲ’ ಎಂದಾಗ ನನಗೆ ಆದ ನೆಮ್ಮದಿ. ಓದಿದ್ದೆ ಎಂದಿದ್ದರೆ, ಮತ್ತೇಕೆ ಎಸೆದಿರಿ ಎಂಬ ಪ್ರಶ್ನೆ ಬರುತ್ತಿತ್ತು.

ಲೇಬಲ್ ಬದಲಾಗಲಿಲ್ಲ. ಜೋನ್ ಮತ್ತೆ ಬರಲಿಲ್ಲ.

ಎಸೆಯುವ ಮೊದಲು ಓದಬೇಕು, ಓದಿದ್ದನ್ನು ಅಲ್ಲೇ ಬರೆದಿಡಬೇಕು ಎಂದು ಆಮೇಲೆ ಕಿರಿಯರಿಗೆಲ್ಲ ಪಾಠ ಹೇಳಿದೆ, ಯಾಕೆಂದು ಹೇಳಲಿಲ್ಲ. ನಾನು ಹಾಕಿದ ರಟ್ಟಿನಲ್ಲಿ ಆಮ್ಲವಿಲ್ಲ. ಆ ಚಿತ್ರ ಇನ್ನೂ ನೂರು ವರ್ಷ ಕೆಡದೆ ಉಳಿಯುತ್ತದೆ, ಮೇಷ್ಟರ ಹೆಸರಿನಲ್ಲಿ.