ಎರಡು ಸೀಟಿನ ಕೆಂಪಿ

ನಮ್ಮ ತಂಗಿ ಗಂಡ ನಿಂಗರಾಜ ಮಸ್ಕಿ ದನದ ದವಾಖಾನ್ಯಾಗ ಕಂಪೌಂಡರ್. ನನಗಿಂತ ಸಣ್ಣವ, ಅದಕ್ಕ ಅವ, ಇವ ಅಂತ ಹೇಳಾಕತ್ತೀನಿ. ಎದುರಿಗೆ ಬಂದ್ರ ನೀವು ಅನ್ನಬೇಕು, ಮನಿ ಅಳಿಯ. ಸುತ್ತ ಹಳ್ಯಾಗ ಯಾರದರ ಎಮ್ಮಿ ಈಯಾಕ ತ್ರಾಸ ಪಡಾಕತ್ತಿದ್ರ ಡಾಕ್ಟರಿಗಿಂತ ಮೊದ್ಲು ಇವನ ಫೋನ್ ಬಡೀತೈತಿ. ಕುಡಿಯಂಗಿಲ್ಲ, ಇಸ್ಪೀಟ್ ಮುಟ್ಟಂಗಿಲ್ಲ, ಒಬ್ಬರ ಮ್ಯಾಲೆ ದನಿ ಏರಿಸಿದ್ದು ನಾ ಕೇಳಿಲ್ಲ. ಇಂಥವನಿಗೆ ಒಂದ ಒಂದು ಹುಚ್ಚಿತ್ತು, ಅದರ ಹೆಸರು ಕೆಂಪಿ. ಕೆಂಪಿ ಅಂದ್ರ ಆಕಳಲ್ಲ, ಕಾರು.

ಹಟ್ಟಿ ಚಿನ್ನದ ಗಣ್ಯಾಗ ಯಾರೋ ಇಂಜಿನಿಯರ್ ಸಾಹೇಬರ ನಾಯಿಗೆ ಸೂಜಿ ಹಾಕಾಕ ಹೋಗಿದ್ದನಂತ. ಕ್ವಾರ್ಟರ್ಸ್ ಹಿಂದ ತಾಡಪತ್ರಿ ಹೊದ್ದು ಒಂದು ಗಿಡ್ಡ ಕಾರು ನಿಂತಿತ್ತು. ಎರಡ ಸೀಟು, ಮ್ಯಾಲೆ ಛತ್ತಿಲ್ಲ, ಮೈಯೆಲ್ಲಾ ಫೈಬರಿಂದು, ಹೊಟ್ಟಿ ನೆಲಕ್ಕ ಹತ್ತಿದಂಗ ಕುಂತಿತ್ತು. ರೇಸಿಗೆ ಓಡಸ್ತಾರಲ್ಲ, ಆ ಜಾತಿದು. ಸಾಹೇಬರು ಹರೇದಾಗ ಓಡಿಸಿ, ಆಮ್ಯಾಲ ಬ್ಯಾಸರಾಗಿ ನಿಲ್ಲಿಸಿಬಿಟ್ಟಿದ್ರು. ರಿಟೈರ್ ಆಗಿ ಊರು ಬಿಡುವಾಗ ಇವನಿಗೆ ಕೊಟ್ಟು ಹೋದ್ರು. ಆ ನಾಯಿ ಏನಾತು ಅಂತ ಕೇಳಿದ್ರ ಇವನಿಗೆ ನೆನಪಿಲ್ಲ, ಕಾರಿನ ಕೆಂಪು ಎಲ್ಲೆಲ್ಲಿ ಮಾಸಿತ್ತು ಅಂಬೋದು ಮಾತ್ರ ನೆನಪೈತಿ.

ಸುರೇಖಾ ನನ್ನ ಬೆನ್ನಿಗೆ ಹುಟ್ಟಿದಾಕಿ. ನಮ್ಮ ಮನಿ ಹೆಣ್ಮಕ್ಕಳ ಬಾಯಿ ನಮ್ಮೂರು ಪಾಮನಕಲ್ಲೂರಿಗೆಲ್ಲಾ ಗೊತ್ತೈತಿ. ಆದ್ರ ನಾ ಒದರಿ ಮುಗಸ್ತೀನಿ, ಆಕಿ ಒದರಂಗಿಲ್ಲ, ಒಳಗ ಇಟ್ಕೋತಾಳ. ಟ್ರ್ಯಾಕ್ಟರ್ ಟ್ರೇಲಿಯಾಗ ಹಾಕ್ಕೊಂಡು ಬಂದು ಕೆಂಪಿನ್ನ ಮನಿ ಮುಂದ ಇಳಿಸಿದ ದಿನ, ಆಕಿ ಕೈಯಾಗ ಕಸಬರಗಿ ಹಿಡಕೊಂಡು ಬಾಗಲಾಗ ನಿಂತು ಒಂದ ಮಾತು ಕೇಳಿದ್ಲು. ಮನ್ಯಾಗ ನಾಕು ಮಂದಿ ಅದೀವಿ, ನಿಮ್ಮವ್ವನ್ನ ಎಲ್ಲಿ ಕುಂದ್ರಸ್ತೀರಿ, ಮಗಳನ್ನ ಎಲ್ಲಿ ಕುಂದ್ರಸ್ತೀರಿ, ಅಂತ. ನಿಂಗರಾಜ ಬಗ್ಗಿ ಗಾಲಿ ಧೂಳು ಒರಸಾಕತ್ತಿದ. ಆವತ್ತಿನಿಂದ ಆಕಿ ಬಾಯಾಗ ಅದು ಕೆಂಪಿ ಆಗಲಿಲ್ಲ, ಕಾರೂ ಆಗಲಿಲ್ಲ. ನಿಮ್ಮ ಡಬ್ಬಿ. ನಿಮ್ಮ ಡಬ್ಬಿಗೆ ಪಾರ್ಸಲ್ ಬಂದೈತಿ ನೋಡ್ರಿ. ನಿಮ್ಮ ಡಬ್ಬಿ ಮ್ಯಾಲೆ ಬೆಕ್ಕು ಮಲಗೈತಿ, ಎಬ್ಬಿಸ್ರಿ. ಆ 'ನಿಮ್ಮ' ಅಂಬೋ ಶಬ್ದ ಇರ್ತಿತ್ತಲ್ಲ, ಅದು ಅವನಿಗೆ ಚುಚ್ಚತಿತ್ತು.

ಐತವಾರ ಬಂತಂದ್ರ ಇವ ಸಿಂಧನೂರು ದಾರಿ ಹಿಡಿಯಾವ. ಅಲ್ಲಿ ಅಂಜುಮ್ ಮೇಸ್ತ್ರಿ ಗ್ಯಾರೇಜು, ಟ್ರ್ಯಾಕ್ಟರು, ಭತ್ತ ಕೊಯ್ಯೋ ಮಷಿನ್ನು ರಿಪೇರಿ ಮಾಡೋ ಜಾಗ. ಆ ದೊಡ್ಡ ದೊಡ್ಡ ಮಷಿನ್ ನಡುವ ಕೆಂಪಿ ನಿಂತ್ರ ಯಾರೋ ಮರತು ಬಿಟ್ಟು ಹೋದ ಆಟಿಗಿ ಸಾಮಾನು ಅನಸ್ತಿತ್ತು. ವರ್ಷಾನುಗಟ್ಲೆ ಇಬ್ರೂ ಅದರ ಬೆನ್ನು ಹತ್ತಿ ಕಡೀಕೂ ಓಡೂವಂಗ ಮಾಡಿದ್ರು. ಎರಡು ಐಬು ಮಾತ್ರ ಉಳದ್ವು. ಎಡಗಡೆ ಬಾಗಲಾ ಒಳಗಿನಿಂದ ತೆರಿಯಂಗಿಲ್ಲ, ಹೊರಗಿಂದ ಒಬ್ರು ತೆರೀಬೇಕು, ಒಳಗಿನ ಹಿಡಿಕಿ ಸಡ್ಲಾಗಿ ಸುಮ್ಮನ ತಿರಗ್ತಿತ್ತು, ಹೊಸಾದು ಎಲ್ಲೂ ಸಿಗಲಿಲ್ಲ. ಇನ್ನೊಂದು, ಸೈಲೆನ್ಸರ್ ಕೆಳಗ ಜೋತು ಬಿದ್ದಿತ್ತು, ಸ್ವಲ್ಪ ಓಡಿಸಿದ್ರ ಕೆಂಡಾಗ್ತಿತ್ತು. ಹುಲ್ಲಿನ ಮ್ಯಾಲೆ ಮಾತ್ರ ನಿಲ್ಲಿಸಬ್ಯಾಡ್ರಿ ಕಂಪೌಂಡರ್ ಸಾಬ್ ಅಂತ ಅಂಜುಮ್ ಹೇಳಿದ್ದ. ಹೇಳಿದ್ದು ಸಾಲದು ಅಂತ ಬೆಂಕಿ ಆರಿಸೋ ಸಣ್ಣ ಸಿಲಿಂಡರ್ ಒಂದನ್ನ ಡ್ರೈವರ್ ಸೀಟಿನ ಹಿಂದ ತಾನ ಕಟ್ಟಿಕೊಟ್ಟಿದ್ದ.

ಇತ್ತ ಮನ್ಯಾಗ ಮಾತು ಕಡಿಮಿ ಆಕ್ಕೋತ ಹೋತು. ಮಗಳ ಸಾಲ್ಯಾಗ ಗ್ಯಾದರಿಂಗ್ ಇತ್ತು, ಹುಡಿಗಿ ಡ್ಯಾನ್ಸಿಗೆ ನಿಂತಿದ್ಲು. ಬರ್ತೀನಿ ಅಂದಾವ ಬರಲಿಲ್ಲ, ಸಿಂಧನೂರಾಗ ಕೆಂಪಿ ಇಂಜಿನ್ ಬಿಚ್ಚಿ ಕುಂತಿದ್ದ. ಸುರೇಖಾ ಬಾಜೂ ಕುರ್ಚಿ ಮ್ಯಾಲೆ ತನ್ನ ಚೀಲ ಇಟ್ಟು ಜಾಗ ಹಿಡಿದಿದ್ಲಂತ, ಕಡೀತನಕ ಚೀಲ ಹಂಗ ಕುಂತಿತ್ತು. ಮನಿಗೆ ಬಂದಾಕಿ ಅವನಿಗೆ ಊಟಕ್ಕ ಹಾಕಿ, ಚೀಲ ಗೂಟಕ್ಕ ತೂಗಹಾಕಿ ಮಲಗಿಬಿಟ್ಲು. ನನಗ ಸಿಟ್ಟು ಬಂದಿತ್ತು, ಸುಳ್ಳು ಯಾಕ ಹೇಳಲಿ. ಫೋನ್ ಮಾಡಿ ಅವನಿಗೆ ನಾಕು ಮಾತು ಅಂದೆ, ಮನಿ ಅಳಿಯ ಅಂಬೋದನ್ನೂ ನೋಡಲಿಲ್ಲ.

ಮುಂದಿನ ವಾರ ಸುರೇಖಾ ತಾನ ಗಿರಾಕಿ ಹುಡುಕಿದ್ಲು. ಲಿಂಗಸುಗೂರಾಗ ಬಸವಲಿಂಗ ಅಂತ, ಕಲ್ಯಾಣ ಮಂಟಪ ಇಟ್ಟಾನ. ಮದುಮಗನ ಮೆರವಣಿಗಿಗೆ ಛತ್ತಿಲ್ಲದ ಕಾರು ಬೇಕಾಗಿತ್ತು ಅವನಿಗೆ. ಹೂವು ಕಟ್ಟಿ, ಲೈಟ್ ಹಾಕಿ, ಬ್ಯಾಂಡಿನ ಹಿಂದ ಮೆಲ್ಲಕ ಓಡಸ್ತೀನಿ ಅಂದನಂತ. ಅದನ್ನ ಕೇಳಿ ನಿಂಗರಾಜನ ಮುಖ ಹಾಲು ಕುಡಿಯೋ ಕರಾನ್ನ ಕಸಾಯಿಗೆ ಮಾರೋರ ಮುಖದಂಗ ಆಗಿತ್ತಂತ. ಆದ್ರೂ ಬ್ಯಾಡ ಅನ್ನಲಿಲ್ಲ. ಒಂದ ಒಂದು ಬೇಡಿಕೊಂಡ.

"ಒಂದು ಸಲ ಕುಂದ್ರು. ಎಳ್ಳ ಅಮಾಸಿಗೆ ನಿಮ್ಮೂರಿಗೆ ಹೋಗೂಣು. ಇಳಿದ ಮ್ಯಾಲೆ ನೀ ಕೊಟ್ಟುಬಿಡ್ರಿ ಅಂದ್ರ ಕೊಟ್ಟುಬಿಡ್ತೀನಿ."

ಬಸವಲಿಂಗಗ ಜವಾಬು ನಾನ ಕೊಡಾಕಿ, ನೀವು ಫೋನ್ ಮುಟ್ಟಬಾರದು ಅಂತ ಆಕಿ ಕರಾರು ಹಾಕಿದ್ಲು. ಅವ ಹೂಂ ಅಂದ. ಹಂಗಾಗಿ ಅಮಾಸಿ ಹಿಂದಿನ ದಿನ ಸಂಜಿ ಫೋನ್ ಮಾಡ್ರಿ ಅಂತ ಲಿಂಗಸುಗೂರಿಗೆ ಹೇಳಿಯಾತು. ಅತ್ತಿ, ಮೊಮ್ಮಗಳು ಇಬ್ರೂ ಆವತ್ತ ಮುಂಜಾನಿ ಬಸ್ಸಿಗೆ ನಮ್ಮೂರಿಗೆ ಬಂದ್ರು. ಗಂಡ ಹೆಂಡ್ತಿ ಮಧ್ಯಾಹ್ನ ಕೆಂಪಿ ಹತ್ತಿದ್ರು.

ದಾರ್ಯಾಗ ನಡೆದಿದ್ದು ನಾ ಕಂಡಿದ್ದಲ್ಲ, ಆಮ್ಯಾಲ ತಂಗಿ ಹೇಳಿದ್ದು. ಅವ ಸುತ್ತು ಹಾಕಿ ಬಂದು ಬಾಗಲಾ ತೆರೆದು ಆಕಿನ್ನ ಕುಂದ್ರಿಸಿದ. ಓಣಿ ಮಂದಿ ನಕ್ರು, ಹೆಂಡ್ತಿಗೆ ಬಾಗಲಾ ತೆರೀತಾನ ನೋಡು ಅಂತ. ತೋರಿಕಿಗೆ ಮಾಡ್ಯಾನ ಅಂತ ಆಕಿಗೂ ಅನಸ್ತು. ಹಿಡಿಕಿ ಸುದ್ದಿ ಅವ ಹೇಳಿರಲಿಲ್ಲ, ಹೇಳಿದ್ರ ಹತ್ತಂಗಿಲ್ಲ ಅಂತ ಹೆದರಿಕಿ. ರೋಡಿಗೆ ಬಂದ ಮ್ಯಾಲೆ ಲಾರಿ ಗಾಲಿ ಆಕಿ ಕಿವಿ ಮಟ್ಟಕ್ಕ ಉರುಳಿ ಹೋಗ್ತಿದ್ವು. ಆಕಿ ಸೀಟ್ ಅಂಚು ಗಟ್ಟಿ ಹಿಡಕೊಂಡಿದ್ಲು. ಹಂಪ್ ಬಂದಲ್ಲಿ ಅವ ಕಾರನ್ನ ಓರೆ ಮಾಡಿ, ಉಸಿರು ಹಿಡಿದು ದಾಟಸ್ತಿದ್ದ.

ಊರು ದಾಟಿ ತೊಗರಿ ಹೊಲ ಸುರು ಆದ ಮ್ಯಾಲೆ ಆಕಿ ಗಂಡನ ಕಡೆ ನೋಡಿದ್ಲು. ಅಂಗಿ ತೊಯ್ದು ಬೆನ್ನಿಗೆ ಅಂಟಿತ್ತು. ಕೈ ತೋಳಮಟ ಎಮ್ಮಿ ಹೊಟ್ಯಾಗ ಹಾಕಿ ಕರಾ ತಿರುಗಿಸುವಾಗ ಬೆವರದ ಮನಷ್ಯಾ, ತಣ್ಣನ ಗಾಳ್ಯಾಗ ಬೆವರಾಕತ್ತಾನ. ಕಾರಿಗಲ್ಲ, ನನಗ ಹೆದರ್ಯಾರ ಇವರು ಅಂತ ಆಕಿಗೆ ಹೊಳೀತು. ಅಕ್ಕಾ, ನನಗ ಅದು ಛಲೋ ಅನಸಲಿಲ್ಲ ಅಂತ ಹೇಳಿದ್ಲು. ಗಂಡ ತನಗ ಹೆದರಲಿ ಅಂತ ಆಕಿ ಎಂದೂ ಬೇಡಿರಲಿಲ್ಲ, ಬಾಜೂ ಕುರ್ಚ್ಯಾಗ ಬಂದು ಕುಂದ್ರಲಿ ಅಂತ ಬೇಡಿದ್ಲು.

ಇನ್ನ ನಮ್ಮೂರ ಕಥಿ. ನಮ್ಮಪ್ಪ ಗಿಡ್ಡಪ್ಪ ಪ್ರತಿ ವರ್ಷ ಹುರಳಿ ಕಿತ್ತು ರೋಡಿನ ಮ್ಯಾಲೆ ಹರವ್ತಾನ. ಅವ ಒಬ್ಬ ಅಲ್ಲ, ಊರೆಲ್ಲಾ ಹಂಗ ಮಾಡ್ತೈತಿ. ಬಸ್ಸು, ಲಾರಿ, ಟ್ರ್ಯಾಕ್ಟರ್ ಮ್ಯಾಲೆ ಹಾದು ಹೋದ್ರ ಕಾಳು ತಾವ ಉದುರ್ತಾವ, ಕಣ ಮಾಡೋ ಕೆಲಸಿಲ್ಲ. ಹರವಬ್ಯಾಡ್ರಿ ಅಂತ ಪೊಲೀಸರು ಹೇಳ್ತಾರ, ಹೂಂ ಅಂತೀವಿ, ಹರವ್ತೀವಿ. ಆವತ್ತು ಕಾಳಿಡೋ ಹಗೇವು ತುಂಬೋವಷ್ಟು ಹುರಳಿ ದಪ್ಪಗ ಹಾಕಿದ್ದ. ಎರಡೂ ಬಾಜೂ ಕಲ್ಲು ಇಟ್ಟಿದ್ದ, ಕಲ್ಲಿನಾಚೆ ತೆಗ್ಗು. ಅಳಿಯ ಹೊಸಾ ನಮೂನಿ ಕಾರ್ ತರ್ತಾನ, ಈ ಸಲ ಕಾಳು ಮೊದ್ಲು ಅದರ ಗಾಲಿಗೆ ಉದುರಬೇಕು ಅಂತ ಊರ ತುಂಬ ಹೇಳಿ ಬಂದಿದ್ದ. ತೆಂಗಿನಕಾಯಿ ಬ್ಯಾರೆ ಹಿಡಕೊಂಡು ನಿಂತಿದ್ದ. ನಾನು ಕೋಲಿನಿಂದ ಬಳ್ಳಿ ತಿರುವಿ ಹಾಕಾಕತ್ತಿದ್ದೆ.

ಕೆಂಪಿ ಬಂತು. ಹುಡುಗ್ರು ಹಿಂದ ಓಡಿಕೋತ ಬಂದ್ರು, ಹೆಣ್ಮಕ್ಕಳು ಕಟ್ಟಿ ಇಳಿದು ನೋಡಿದ್ರು. ಅಪ್ಪ ಟವೆಲ್ ಬೀಸಿ ಬರ್ರಿ ಮ್ಯಾಲೆ ಅಂತ ಕರದ. ನಿಂಗರಾಜ ಹುರಳಿ ಅಂಚಿಗೆ ತಂದು ನಿಲ್ಲಿಸಿಬಿಟ್ಟ. ನಾ ಅವರ ಬಾಜೂಕ ಇದ್ದೆ, ಮಾತು ಕೇಳಸ್ತಿತ್ತು. ಬ್ಯಾಡ, ಇದರ ಹೊಟ್ಟಿ ಭಾಳ ಕೆಳಗೈತಿ, ಸೈಲೆನ್ಸರ್ ಕಾದೈತಿ, ಬಳ್ಳಿ ಸಿಕ್ಕೋತಾವ, ಸ್ವಲ್ಪ ಆರಲಿ ಅಂದ. ಅಪ್ಪನ ಟವೆಲ್ ಕೆಳಗ ಇಳೀತು. ಅಷ್ಟ್ರಾಗ ಹಿಂದಿನಿಂದ ಯಾವನೋ ನಕ್ಕ. ಬಸ್ಸು ಹತ್ತೈತಿ, ಗಿಡ್ಡಪ್ಪನ ಅಳಿಯನ ಕಾರು ಹೊಟ್ಟಿಗೆ ಹೆದರೈತಿ ಅಂದ. ಮಂದಿಯೆಲ್ಲಾ ನಕ್ರು.

ಸುರೇಖಾನ ಮುಖ ಕೆಂಪಾತು. ಗಂಡನ ಮ್ಯಾಲಿನ ಸಿಟ್ಟಲ್ಲ ಅದು, ಆ ನಕ್ಕವನ ಮ್ಯಾಲಿಂದು. ನೆಟ್ಟಗ ಕುಂತು ಅಪ್ಪನಿಗೆ ಕೇಳೂವಂಗ ಹೇಳಿದ್ಲು.

"ಎಪ್ಪಾ, ಮಂದೀನ್ನ ಸರಸು. ನಮ್ಮ ಗಾಡಿ ಮೊದ್ಲು ಹೋಗ್ಲಿ."

ನಿಂಗರಾಜ ಹೊಳ್ಳಿ ಆಕಿನ್ನ ನೋಡಿದ. ಅವನ ಮುಖ ನಾ ನೋಡೀನಿ. ಎಂದೂ ಕೇಳದ್ದು ಕೇಳಿದವನಂಗ ಕಣ್ಣು ಅಗಲ ಮಾಡಿದ. ಬ್ಯಾಡ ಅನ್ನಾಕ ತೆರೆದ ಬಾಯಿ ಹಂಗ ಮುಚ್ಚಿದ, ಗೇರ್ ಹಾಕಿದ. ಅಪ್ಪ ಕಾಯಿ ಒಡೆದ.

ಅರ್ಧ ಹುರಳಿ ದಾಟಿರಬೇಕು, ಕೆಂಪಿ ಓಟ ಕುಗ್ಗಿತು. ಬಳ್ಳಿ ಅಡಿಗೆ ಸುತ್ತಿ ಸುತ್ತಿ ಗಾಲಿ ಹಿಡಕೊಂಡ್ವು. ಇಂಜಿನ್ ಜೋರಾತು, ಕಾರು ಅಲ್ಲೇ ನಿಂತುಬಿಡ್ತು. ಸುಟ್ಟ ವಾಸನಿ ಬಂತು, ಮೊದ್ಲು ಬಿಳಿ ಹೊಗಿ, ಆಮ್ಯಾಲ ಅಡಿಗಿಂದ ಒಂದು ಉರಿ ನಾಲಿಗಿ ಹಂಗ ಹೊರಗ ಬಂತು. ಒಣಗಿದ ಹುರಳಿ, ಅದಕ್ಕೇನು ಹೇಳೂದು. ನಾ ಕೋಲು ಒಗೆದು ಓಡಿದೆ.

ನಿಂಗರಾಜ ತನ್ನ ಕಡಿಂದ ಹಾರಿ ಇಳಿದ. ಉರಿ ಇನ್ನ ಸಣ್ಣದಿತ್ತು. ಸೀಟಿನ ಹಿಂದಿನ ಸಿಲಿಂಡರ್ ಮ್ಯಾಲೆ ಅವನ ಕೈ ಬಿದ್ದಿತ್ತು. ಅದನ್ನ ಎಳೆದು ಅಡಿಗೆ ಹೊಡೆದಿದ್ರ ಕೆಂಪಿ ಉಳೀತಿತ್ತು, ಇದನ್ನ ನಾ ಯಾರ ಮುಂದ ಬೇಕಾದ್ರೂ ಹೇಳ್ತೀನಿ. ಅತ್ತ ಸುರೇಖಾ ಬಾಗಲಾ ಎಳೀತಿದ್ಲು. ಹಿಡಿಕಿ ಕಿತ್ತು ಕೈಗೆ ಬಂತು. ಮ್ಯಾಲೆ ಹತ್ತಿ ಜಿಗಿಯೋಣ ಅಂದ್ರ ಬೆಲ್ಟ್ ಬಿಡವಲ್ದು, ಸೆರಗು ಅದರಾಗ ಸಿಕ್ಕಿತ್ತು. ಆಕಿ ಒದರಲಿಲ್ಲ. ಗಂಡನ ಕಡೆ ನೋಡಿದ್ಲು, ಅಷ್ಟ.

ಅವನ ಕೈ ಸಿಲಿಂಡರ್ ಬಿಡ್ತು. ಉರಿ ತುಳಕೋತ ಸುತ್ತು ಹಾಕಿ ಬಂದ, ಬಾಗಲಾ ಕಿತ್ತಂಗ ತೆರೆದ, ಸೆರಗು ಹರಿದು ಬೆಲ್ಟ್ ಬಿಚ್ಚಿ ಆಕಿನ್ನ ಎದಿಗೆ ಅವಚಿ ಹೊರಗ ತಂದ. ನಾ ಆಕಿನ್ನ ಹಿಡಕೊಂಡೆ. ಅವ ಹೊಳ್ಳಿ ಓಡಿದ, ಆದ್ರ ಅಷ್ಟ್ರಾಗ ಫೈಬರ್ ಹತ್ತಿಬಿಟ್ಟಿತ್ತು. ಸಿಲಿಂಡರ್ ಇದ್ದ ಜಾಗದಾಗ ಉರಿ ಆಳುದ್ದ ಎದ್ದಿತ್ತು. ನಮ್ಮಪ್ಪ ಹಾದಿಗೆ ಹರವಿದ ಹುರಳಿಯೆಲ್ಲಾ ಅದರ ಸಂಗಾಟ ಹೋತು.

ಮಂದಿ ಕೊಡ ತಂದ್ರು, ಮಣ್ಣು ಒಗೆದ್ರು. ಆರುವಾಗ ಕಬ್ಬಿಣ ಬಿಟ್ರ ಏನೂ ಉಳೀಲಿಲ್ಲ. ನಿಂಗರಾಜನ ಮುಂಗೈ ಬೊಬ್ಬಿ ಎದ್ದಿದ್ವು. ಅವ ಮೊದ್ಲು ಕೇಳಿದ್ದು ನಿನಗ ಎಲ್ಲೂ ಹತ್ತಿಲ್ಲಲ್ಲ ಅಂತ. ಮಗಳು ಬಂದು ಅವ್ವನ ಸೊಂಟ ಅವಚಿ ಅಳಾಕತ್ತಿದ್ಲು. ಅಪ್ಪ ರೋಡ್ ಅಂಚಿಗೆ ಕುಂತು, ಬಸ್ಸು ಹೋಗ್ತಿತ್ತಲ್ಲ, ಟ್ರ್ಯಾಕ್ಟರ್ ಹೋಗ್ತಿತ್ತಲ್ಲ ಅಂತ ಅದನ್ನ ಅನ್ನಾಕತ್ತಿದ್ದ. ನಕ್ಕವ ಎಲ್ಲಿ ಹೋದನೋ, ಅವತ್ತು ನನ್ನ ಕೈಗೆ ಸಿಗಲಿಲ್ಲ.

ನಾ ಸುಮ್ನಿರೋ ಹೆಣ್ಣಲ್ಲ. ನಿಂಗರಾಜನ ಮುಂದ ಹೋಗಿ ನಿಂತೆ. ಗೊತ್ತಿತ್ತಲ್ಲ ನಿಮಗ, ಬ್ಯಾಡ ಅಂದ್ರಲ್ಲ, ಆಮ್ಯಾಲ ಯಾಕ ಹತ್ತಿಸಿದ್ರಿ ಅಂತ ಜೋರು ಮಾಡಿ ಕೇಳಿದೆ. ಅವ ಕರ್ರಗಾದ ಕಬ್ಬಿಣ ನೋಡಿಕೋತ ನಿಂತಿದ್ದ. ದನಿ ಏರಿಸಲಿಲ್ಲ.

"ನಮ್ಮ ಗಾಡಿ ಅಂದ್ಲಲ್ರಿ ಅಕ್ಕಾರ."

ಸುರೇಖಾ ನನ್ನ ಬೆನ್ನ ಹಿಂದ ನಿಂತಿದ್ಲು, ಕೇಳಿಸಿಕೊಂಡ್ಲು. ಕಿತ್ತ ಹಿಡಿಕಿ ಇನ್ನೂ ಮುಟಗ್ಯಾಗ ಇತ್ತು. ಆಗ ಆಕಿ ಫೋನ್ ಬಡೀತು. ಲಿಂಗಸುಗೂರಿನ ಬಸವಲಿಂಗ, ಮಾತು ಕೊಟ್ಟಂಗ ಸಂಜಿಗೆ ಸರಿಯಾಗಿ ಮಾಡಿದ್ದ. ನಿಂಗರಾಜ ಆಕಿ ಕಡೆ ನೋಡಲಿಲ್ಲ, ಕರಾರು ಕರಾರು. ನಾ ಫೋನ್ ಕಸಿಗೊಂಡು ಸುಟ್ಟುಹೋತು ಅಂತ ಹೇಳಿ ಇಟ್ಟುಬಿಡೋಣ ಅಂತ ಕೈ ಚಾಚಿದೆ. ಆಕಿ ಕೊಡಲಿಲ್ಲ. ಗಂಡನ ಬಾಜೂಕ ಹೋಗಿ, ಭುಜಕ್ಕ ಭುಜ ಹತ್ತೂವಂಗ ನಿಂತು ಫೋನ್ ಎತ್ತಿದ್ಲು. ಅತ್ತಾಗಿಂದ ಅವ ಏನೇನೋ ಕೇಳಿದ, ಆಕಿ ಪೂರಾ ಕೇಳಿಸಿಕೊಂಡು ಜವಾಬು ಕೊಟ್ಲು.

"ಇಲ್ರಿ. ನಮ್ಮ ಗಾಡಿ ನಾವು ಮಾರಂಗಿಲ್ಲ."