ಕಾಂಪಿಟಿಶನ್ ಒಂದು ಕಡಿಮಿ ಆತು!

ಮ್ಯೂನಿಕ್ ಕಡೆ ಬಾಡಿಗೆ ಮನೆ ಸಿಗುವುದಕ್ಕಿಂತ ವರ ಸಿಗುವುದು ಸುಲಭ. (ನನಗೂ ಸಿಕ್ಕಿದನಲ್ಲ, ಅದೇ ಸಾಕ್ಷಿ.)

ಕಳೆದ ಶನಿವಾರ ನಾನು, ನನ್ನ ಗಂಡ ಗಿರೀಶ ಮ್ಯೂನಿಕ್ ಪಕ್ಕದ ಉಂಟರ್‌ಫ್ಯೋರಿಂಗ್‌ನಲ್ಲಿ ಒಂದು ಮನೆ ನೋಡಲು ಹೋಗಿದ್ದೆವು. ಮೂರನೇ ಮಹಡಿ. ನನ್ನ ಆಫೀಸಿಗೆ ನಡೆದೇ ಹೋಗಬಹುದು. ಈಗಿರುವ ಮನೆಯನ್ನು ತಿಂಗಳ ಕೊನೆಗೆ ಖಾಲಿ ಮಾಡಲೇಬೇಕು. ಹೋಗಿ ನೋಡಿದರೆ ಮೆಟ್ಟಿಲ ತುಂಬ ಕ್ಯೂ! ಎಲ್ಲರ ಕೈಯಲ್ಲೂ ಸಂಬಳದ ಚೀಟಿ, ಅರ್ಜಿಗಳ ಫೈಲು, ಎಲ್ಲರ ಮುಖದಲ್ಲೂ ಹೆಣ್ಣು ನೋಡಲು ಬಂದವರ ನಗು.

ನಮ್ಮ ಮುಂದೆ ಆಫ್ರಿಕಾದ ಒಬ್ಬ ಹೆಂಗಸು. ಐವತ್ತು ದಾಟಿರಬೇಕು. ಹಳದಿ ಕೋಟು. ಕೈಯಲ್ಲಿ ಫೈಲಿಲ್ಲ.

ಗಿರೀಶ ಹುಬ್ಬಳ್ಳಿಯವನು. ಪಕ್ಕದ ಬೀದಿಗೆ ಕೇಳದಿದ್ದರೆ ಅದು ಪಿಸುಮಾತು ಎಂದೇ ಅವನ ಲೆಕ್ಕ. "ಆಕಿಗೆ ಯಾರ್ ಕೊಡ್ತಾರ ಮನಿ? ಕಾಂಪಿಟಿಶನ್ ಒಂದು ಕಡಿಮಿ ಆತು ನೋಡು!" ಅಂದ. ನಾನು ಮೊಣಕೈಯಿಂದ ತಿವಿದೆ. ನಕ್ಕೆ ಕೂಡ.

ಹತ್ತು ಗಂಟೆಗೆ ಸರಿಯಾಗಿ ಆ ಹೆಂಗಸು ಕ್ಯೂ ಬಿಟ್ಟು ಮೇಲೆ ಹತ್ತಿ, ಪರ್ಸಿನಿಂದ ಕೀ ತೆಗೆದು ಬಾಗಿಲು ತೆರೆದರು. (ಇಲ್ಲಿಂದ ಮುಂದೆ ಬಹುವಚನ.) ಹೆಸರು ಫ್ರಾವ್ ಮೆನ್ಸಾ, ಅಂದರೆ ಶ್ರೀಮತಿ ಮೆನ್ಸಾ. ಮನೆಯೇನು, ಇಡೀ ಕಟ್ಟಡ ಅವರದೇ!

ಅಡುಗೆಮನೆ ತೋರಿಸುತ್ತಾ ಅವರು ಜರ್ಮನ್‌ನಲ್ಲಿ ಕೇಳಿದರು: "ಕ್ಯೂನಲ್ಲಿ ನನ್ನನ್ನು ನೋಡಿ ಏನೋ ಅಂದಿರಲ್ಲ, ಏನದು?"

"ನಿಮ್ಮ ಕೋಟು ಚೆನ್ನಾಗಿದೆ ಅಂದೆ" ಎಂದ ಗಿರೀಶ.

"ಅಷ್ಟಕ್ಕೇ ನಿಮ್ಮ ಹೆಂಡತಿ ತಿವಿದರೇ?"

ಸಿಕ್ಕಿಬಿದ್ದೆವು. ಮನೆಯ ಆಸೆ ಬಿಟ್ಟು, ನನ್ನ ಹರಕುಮುರುಕು ಜರ್ಮನ್‌ನಲ್ಲಿ ಅಷ್ಟನ್ನೂ ಒಪ್ಪಿಸಿ ಕ್ಷಮೆ ಕೇಳಿದೆ. ಫ್ರಾವ್ ಮೆನ್ಸಾ ಕಿಟಕಿಗೆ ಒರಗಿ ತಮ್ಮ ಕತೆ ಹೇಳಿದರು.

ಘಾನಾದಿಂದ ಬಂದ ಹೊಸತರಲ್ಲಿ ಅವರು ಇದೇ ಮನೆಯಲ್ಲಿ ಬಾಡಿಗೆಗಿದ್ದರಂತೆ. ಇದೇ ಅಡುಗೆಮನೆಯಲ್ಲಿ ಹೆಂಗಸರಿಗೆ ಸಣ್ಣ ಸಣ್ಣ ಜಡೆ ಹೆಣೆಯುತ್ತಿದ್ದರು. "ಮೆಟ್ಟಿಲ ಮೇಲೆ ಬರೀ ನಿಮ್ಮವರೇ" ಎಂದು ಓನರ್ ಮನೆ ಬಿಡಿಸಿದ. ಬೇರೆ ಯಾರೂ ಮನೆ ಕೊಡಲಿಲ್ಲ. ಒಂದು ಅಂಗಡಿ ಹಿಡಿದರು. ಮುಂದೆ ಸಲೂನು, ಹಿಂದೆ ಹಾಸಿಗೆ. ಆಮೇಲೆ ಎರಡನೇ ಸಲೂನು. ಊರಿಂದ ಶಿಯಾ ಎಂಬ ಮರದ ಬೀಜದ ಬೆಣ್ಣೆ ತರಿಸಿ, ತಲೆಗೆ ಹಚ್ಚುವ ಕ್ರೀಮು ಮಾಡಿ, ಬೇರೆ ಸಲೂನುಗಳಿಗೆ ಮಾರಿದರು. ಈಗ ಗೋಡೌನು, ಲಾರಿ, ಕೈಕೆಳಗೆ ಜರ್ಮನ್ ಮ್ಯಾನೇಜರು.

ಹಳೆಯ ಓನರ್‌ನ ಮಗ ಕಟ್ಟಡ ಮಾರಾಟಕ್ಕಿಟ್ಟಾಗ ಇವರು ನೋಡಲು ಬಂದರು. ಬಾಗಿಲಲ್ಲೇ ಬ್ರೋಕರ್ ತಡೆದನಂತೆ: "ಬಾಡಿಗೆಯವರು ಇವತ್ತಲ್ಲ, ನಾಳೆ ಬನ್ನಿ."

"ಕೊಂಡ ಮೇಲೆ ಪ್ರತಿ ಸಲ ನಾನೂ ಕ್ಯೂನಲ್ಲಿ ನಿಲ್ಲುತ್ತೇನೆ. ಫೈಲಿನಲ್ಲಿ ಇಲ್ಲದ್ದೆಲ್ಲ ಅಲ್ಲಿ ಗೊತ್ತಾಗುತ್ತದೆ" ಎಂದು ನಕ್ಕರು.

ಸೋಮವಾರ ಫೋನ್ ಬಂತು. ಮನೆ ನಮ್ಮದು! ಆದರೆ ಕಾಂಟ್ರಾಕ್ಟ್ ನನ್ನೊಬ್ಬಳ ಹೆಸರಿಗೆ. "ನಿಜ ಹೇಳಿದ್ದು ನೀವು. ನಿಮ್ಮ ಗಂಡ ಜೊತೆಗಿರಬಹುದು, ನಿಮ್ಮ ಜವಾಬ್ದಾರಿಯ ಮೇಲೆ" ಎಂದರು. ಮೂರು ದಿನದಿಂದ ಗಿರೀಶ ಪಾತ್ರೆ ತೊಳೆಯುತ್ತಿದ್ದಾನೆ. (ದೇವರು ದೊಡ್ಡವನು.)

ನಿನ್ನೆ ಹುಬ್ಬಳ್ಳಿಯಿಂದ ಅತ್ತೆಯ ವಿಡಿಯೋ ಕಾಲ್. "ಛಲೋ ಆತವ್ವಾ. ಮನಿ ಮಾಲಕರು ಯಾವ ಮಂದಿ?"

ನಾನು ಫೋನನ್ನು ಗಿರೀಶನ ಕೈಗಿಟ್ಟೆ. ನಮ್ಮ ಹುಬ್ಬಳ್ಳಿ ಮನೆಯ ಮೇಲ್ಮಹಡಿಗೆ ಬಾಡಿಗೆಗೆ ಬರುವವರನ್ನೂ ಅತ್ತೆ ಮೊದಲು ಕೇಳುವುದು ಇದನ್ನೇ. ಫ್ರಾವ್ ಮೆನ್ಸಾ ನಮಗೆ ಮನೆ ಕೊಟ್ಟರು, ಸರಿ. ನಾವು ಅವರಿಗೆ ಕೊಡುತ್ತಿದ್ದೆವಾ?