ಗೌರಿ ಮೇದ ರೆಕ್ಕೆ

ಮೊನ್ನೆ ಭಾನುವಾರ ಬೆಳಿಗ್ಗೆ ಏಳೂವರೆಗೆ ಸರಿಯಾಗಿ ಪೇಪರು ಹಿಡಿದು ಕುಳಿತಿದ್ದೆ. ಏಳೂವರೆಗೆ ಪೇಪರು, ಎಂಟಕ್ಕೆ ಸ್ನಾನ, ಎಂಟೂವರೆಗೆ ತಿಂಡಿ. ಗಡಿಯಾರ ನಿಂತರೆ ಮಾವನವರನ್ನು ನೋಡಿ ಸರಿಮಾಡಿಕೊಳ್ಳುತ್ತೇವೆ ಎಂದು ನನ್ನ ಸೊಸೆ ನೆಂಟರ ಮುಂದೆ ಹೇಳುವುದುಂಟು. ಅದು ಹೊಗಳಿಕೆಯೋ ದೂರೋ ಎಂದು ನಾನು ವಿಚಾರಿಸಲು ಹೋಗಿಲ್ಲ. ಅಷ್ಟರಲ್ಲಿ ಮೊಮ್ಮಗಳು ಬಂದು ಪಕ್ಕದಲ್ಲಿ ಕುಳಿತು ಉಗುರಿನ ಬಣ್ಣದ ಶೀಶೆಯ ಮುಚ್ಚಳ ತೆಗೆದಳು. ಅದರ ಘಾಟು ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಪೇಪರು ತೊಡೆಯ ಮೇಲೆ ಇಳಿಯಿತು.

"ಯಾಕ್ ತಾತ, ತಲೆನೋವು ಬಂತಾ?"

"ಇಲ್ಲಮ್ಮ, ವಿಮಾನ ಬಂತು" ಎಂದೆ.

ಅವಳು ಆಕಾಶ ನೋಡಲಿಲ್ಲ, ನಕ್ಕಳು. ಆ ವಿಮಾನದ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಮದುವೆ, ನಾಮಕರಣಗಳಲ್ಲಿ ಊಟಕ್ಕೆ ಎಲೆ ಹಾಕುವುದು ತಡವಾದಾಗ ಜನರನ್ನು ಕೂರಿಸಿಡಲು ನನ್ನಿಂದ ಅದನ್ನು ಹೇಳಿಸುತ್ತಾರೆ. ನೀವು ಕೇಳಿಲ್ಲವಾದ್ದರಿಂದ ಹೇಳುತ್ತೇನೆ.

ಯುದ್ಧ ನಡೆಯುತ್ತಿದ್ದ ಕಾಲ. ನನಗೆ ಇಪ್ಪತ್ತೆರಡು. ದಂಡಿಗನಹಳ್ಳಿ ಹೋಬಳಿಯ ಒಂದು ಸಣ್ಣ ಊರಿಗೆ ಹಂಗಾಮಿ ಮೇಷ್ಟ್ರಾಗಿ ಹೋಗಿದ್ದೆ. ಶಾಲೆಗೆ ಗಂಟೆ ಇರಲಿಲ್ಲ. ನಾನು ಹೋದ ವಾರದಲ್ಲೇ ಹಳೆಯ ನೇಗಿಲ ಗುಳವೊಂದನ್ನು ಹುಣಸೆಮರಕ್ಕೆ ನೇತುಹಾಕಿಸಿ, ಹತ್ತಕ್ಕೆ, ಒಂದಕ್ಕೆ, ನಾಲ್ಕಕ್ಕೆ ಬಾರಿಸತೊಡಗಿದೆ. ಊರಿನ ಪಟೇಲರು ಚನ್ನೇಗೌಡರು ಒಳ್ಳೆಯ ಮನುಷ್ಯ. "ನೀವು ಬಂದ್ಮ್ಯಾಕೆ ನಮ್ಮೆತ್ಗೋಳೂ ಟೈಮ್ ಕಲ್ತ್ಕಂಡವೆ ಕಣ್ ಮೇಷ್ಟ್ರೇ, ನಾಕ್ ಹೊಡದ್ರೆ ನೊಗದಾಗ್ ನಿಲ್ಲಾಕಿಲ್ಲ" ಎಂದು ನಗುತ್ತಿದ್ದರು. ಆಗಲೂ ಅದು ಹೊಗಳಿಕೆಯೋ ದೂರೋ ತಿಳಿಯಲಿಲ್ಲ.

ರಾಗಿ ಕುಯ್ಲು ಮುಗಿದು ಹೊಲಗಳು ಬಯಲಾಗಿದ್ದ ದಿನಗಳು. ಒಂದು ಬೆಳಿಗ್ಗೆ ಮಗ್ಗಿ ಹೇಳಿಸುತ್ತಿದ್ದಾಗ ಆಕಾಶದಲ್ಲಿ ಕೆಮ್ಮಿದಂಥ ಸದ್ದು. ಒಂದರ ಮೇಲೊಂದು ಎರಡು ಜೊತೆ ರೆಕ್ಕೆಯಿದ್ದ ಹಳದಿ ಬಣ್ಣದ ವಿಮಾನವೊಂದು ಶ್ರವಣಬೆಳಗೊಳದ ಬೆಟ್ಟದ ದಿಕ್ಕಿನಿಂದ ಓಲಾಡುತ್ತ ಬಂದು, ಪಟೇಲರ ಕೂಳೆ ಹೊಲದಲ್ಲಿ ಮೂರು ಸಲ ಕುಪ್ಪಳಿಸಿ ನಿಂತಿತು. ಹನ್ನೆರಡರ ಮಗ್ಗಿ ಅರ್ಧಕ್ಕೇ ನಿಂತಿತು. ಹನ್ನೆರಡು ಏಳಲಿ ಎಂಬಲ್ಲಿಂದ ಮುಂದೆ ಆ ತರಗತಿಯವರಿಗೆ ಕೊನೆಗೂ ಬಂದಂತೆ ಕಾಣೆ.

ಇಳಿದವನ ಹೆಸರು ಉತ್ತಯ್ಯ. ಕೊಡಗಿನವನು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಬೆಂಗಳೂರು ಕಡೆಯ ವಾಯುನೆಲೆಯಲ್ಲಿ ಹಾರಾಟ ಕಲಿಯುತ್ತಿದ್ದನಂತೆ. ಎಂಜಿನ್ನಿನ ಎಣ್ಣೆ ಸೋರಿಹೋಗಿತ್ತು. ಬೆಟ್ಟದ ಮೇಲಿನ ಗೊಮ್ಮಟನನ್ನು ಗುರುತಿಟ್ಟುಕೊಂಡು ಎರಡು ಸುತ್ತು ಹೊಡೆದು ಇಳಿಯಲು ಜಾಗ ಹುಡುಕಿದೆ ಎಂದ. ಪಟೇಲರ ತಾಯಿ ಕೆಂಚಮ್ಮನವರು ಕೆನ್ನೆಗೆ ಕೈ ಹಚ್ಚಿದರು. "ಸ್ವಾಮಿ ತಲೆ ಮ್ಯಾಲೆ ಹಾರಾಡಿದ್ರೆ ಎಣ್ಣೆ ಸೋರ್ದೆ ಇನ್ನೇನ್ ಜೇನ್ತುಪ್ಪ ಸೋರ್ತದಾ? ಬಾ ಮಗ, ಮೊದ್ಲು ರೊಟ್ಟಿ ತಿನ್ನು."

ರೊಟ್ಟಿ ತಿನ್ನುತ್ತ ಅವನು ವಿಮಾನದ ವಿಷಯ ಹೇಳಿದ. ಮರದ ಕಟ್ಟು, ಅದರ ಮೇಲೆ ಬಿಗಿದ ಬಟ್ಟೆ, ಬಟ್ಟೆಗೆ ಬಳಿದ ವಾರ್ನಿಷ್, ಅಷ್ಟೇ. ನಾನು ಹತ್ತಿರ ಹೋಗಿ ಮೂಸಿ ನೋಡಿದ್ದೆ. ಅದೇ ಉಗುರುಬಣ್ಣದ ಘಾಟು. "ಬರೇ ಬಟ್ಟೆ ನಂಬ್ಕೊಂಡು ಮೇಲೆ ಹೋಗ್ತೀರಾ?" ಎಂದೆ. ಅವನು ರೊಟ್ಟಿ ಕೆಳಗಿಟ್ಟ. "ಹೋದ ತಿಂಗಳು ನನ್ನ ರೂಮಿನವನೊಬ್ಬ ಬಿದ್ದ ಮೇಷ್ಟ್ರೇ. ರೆಕ್ಕೇಲಿ ಎಲ್ಲೋ ಸಣ್ಣ ಹರಕು ಇತ್ತಂತೆ. ಗಾಳಿ ಒಳಗೆ ನುಗ್ಗಿತು ಅಂದ್ರೆ ಬಾಳೆಲೆ ಸೀಳಿದ ಹಾಗೆ ಸೀಳ್ಕೊಂಡು ಹೋಗುತ್ತೆ." ಮತ್ತೆ ರೊಟ್ಟಿ ಕೈಗೆತ್ತಿಕೊಂಡು, ಚಟ್ನಿ ಚೆನ್ನಾಗಿದೆ ಎಂದ.

ಚನ್ನರಾಯಪಟ್ಟಣಕ್ಕೆ ಹೋಗಿ ತಂತಿ ಕೊಟ್ಟು ಮೆಕ್ಯಾನಿಕ್ಕನ್ನು ಕರೆಸಬೇಕು, ಅಲ್ಲಿಯವರೆಗೆ ವಿಮಾನ ಕಾಯುವವರು ಯಾರು ಎಂಬ ಪ್ರಶ್ನೆ ಬಂತು. ನಾನು ಎರಡು ಹೆಜ್ಜೆ ಮುಂದೆ ಬಂದೆ. ಯಾರೂ ಕೇಳದಿದ್ದರೂ ರಸೀದಿ ಬರೆದುಕೊಟ್ಟೆ: 'ವಿಮಾನ ಒಂದು, ರೆಕ್ಕೆ ನಾಲ್ಕು, ಚಕ್ರ ಎರಡು, ಬಾಲ ಒಂದು, ಎಲ್ಲವೂ ಸುಸ್ಥಿತಿಯಲ್ಲಿ ನನ್ನ ವಶಕ್ಕೆ ಬಂದಿದೆ.' ಕೆಳಗೆ ಸಹಿ, ಹುದ್ದೆ, ಶಾಲೆಯ ಮೊಹರು. ಉತ್ತಯ್ಯ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ಗಾಡಿ ಹತ್ತಿದ.

ಆಮೇಲೆ ಕಾವಲಿನ ಪಟ್ಟಿ. ದಿನಕ್ಕೆ ನಾಲ್ಕು ಪಾಳಿ, ಪಾಳಿಗೆ ಇಬ್ಬರು. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ರಾತ್ರಿ ಹನ್ನೆರಡಕ್ಕೆ ಬದಲಾವಣೆ. ಕೆಂಪು ಶಾಯಿಯಲ್ಲಿ ಗೆರೆ ಹೊಡೆದು ಚಾವಡಿಯ ಕಂಬಕ್ಕೆ ಅಂಟಿಸಿದೆ. ಅಂಥ ಅಂದವಾದ ಪಟ್ಟಿಯನ್ನು ನಾನು ಮುಂದೆ ಅರಕಲಗೂಡಿನಲ್ಲಿ ಹೆಡ್‌ಮಾಸ್ಟರಾಗಿದ್ದಾಗಲೂ ಮಾಡಲಿಲ್ಲ. ಒಂದೇ ಒಂದು ಕೊರತೆ. ನಾನು ಹೊಳೆನರಸೀಪುರದ ಗುಮಾಸ್ತರ ಮಗ. ನಮ್ಮ ಮನೆಯಲ್ಲಿ ಹಸು ಇರಲಿಲ್ಲ. ಸಂಜೆ ಆರೆಂದರೆ ಹಳ್ಳಿಯಲ್ಲಿ ದನ ಮನೆಗೆ ಬರುವ ಹೊತ್ತು, ಆ ಹೊತ್ತಿನಲ್ಲಿ ಕೊಟ್ಟಿಗೆ ಬಿಟ್ಟು ಬ್ರಹ್ಮ ಕರೆದರೂ ಯಾರೂ ಬರುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ.

ಎರಡನೆಯ ದಿನ ಸಂಜೆ ಪಾಳಿ ಮುಗಿಸುವವರು ಐದೂಮುಕ್ಕಾಲಿಗೇ ಹಾಲು ಕರೆಯಲು ಹೋದರು. ಪಾಳಿಗೆ ಬರಬೇಕಾದವರು ಹಾಲು ಕರೆದೇ ಬರೋಣವೆಂದು ಮನೆಯಲ್ಲಿ ಉಳಿದರು. ಆರೂಕಾಲಿಗೆ ನಾನು ಹಾಜರಿ ಪುಸ್ತಕ ಹಿಡಿದು ಹೊಲಕ್ಕೆ ಹೋದಾಗ ಕಾವಲಿಗಿದ್ದದ್ದು ಪಟೇಲರ ಹಸು ಗೌರಿ ಒಬ್ಬಳೇ. ಕೆಳಗಿನ ರೆಕ್ಕೆಯನ್ನು ನೆಕ್ಕಿ ನೆಕ್ಕಿ, ಒಂದು ಮೊರದಗಲ ಬಟ್ಟೆ ಹರಿದು, ಕಣ್ಣು ಮುಚ್ಚಿ ಮೆಲುಕು ಹಾಕುತ್ತಿದ್ದಳು. ರೆಕ್ಕೆಯೊಳಗಿನ ಮರದ ಕಡ್ಡಿಗಳು ಹಲ್ಲು ಕಿರಿದಂತೆ ಕಾಣುತ್ತಿದ್ದವು.

ಪಟೇಲರು ಓಡಿಬಂದು ಮೊದಲು ಹಸುವಿನ ಹೊಟ್ಟೆ ಮುಟ್ಟಿ ನೋಡಿದರು, ಆಮೇಲೆ ರೆಕ್ಕೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ನೌಕ್ರಿ ಹೋದ್ರೆ ಹೋಯ್ತು ಬುಡಿ ಮೇಷ್ಟ್ರೇ. ಯುದ್ಧದ್ ಸರ್ಕಾರ, ಜೈಲಿಗ್ ಹಾಕ್ಬುಟ್ಟಾರು!"

"ಸಹಿ ಮಾಡಿದ್ದೀನಿ ಗೌಡ್ರೇ" ಎಂದೆ.

"ಅದ್ಯಾಕ್ ಮಾಡುದ್ರಿ? ಅವ್ನೇನ್ ಕೇಳಿದ್ನಾ?"

ಮಾರನೆಯ ದಿನ ಬೆಳಕು ಹರಿಯುತ್ತಲೇ ಕಂಬಳಿ ನೇಯುವ ಸಿದ್ದಜ್ಜ ಮಡಕೆಯೊಂದಿಗೆ ಬಂದ. ಕಂಬಳಿಗೆ ಗಡಸು ಕೊಡಲು ಹಚ್ಚುವ ಹುಣಸೆಬೀಜದ ಅಂಟು ಅದರಲ್ಲಿತ್ತು. ಬಟ್ಟೆ ಬೇಕಲ್ಲ? ಯುದ್ಧಕಾಲದಲ್ಲಿ ಹೊಸ ಬಟ್ಟೆ ಎಲ್ಲಿ? ಶಾಲಾ ಇನ್‌ಸ್ಪೆಕ್ಟರರು ಬರುವ ದಿನಕ್ಕೆಂದು ಮಡಿಸಿಟ್ಟಿದ್ದ ನನ್ನ ಹೊಸ ಪಂಚೆಯಲ್ಲಿ ಒಂದು ಮೊಳ ಹೋಯಿತು. ಬಿಳಿ ತೇಪೆ ಎದ್ದು ಕಾಣುತ್ತದೆಂದು ಕೆಂಚಮ್ಮನವರು ಅರಿಶಿನ ಕಲಸಿ ಬಳಿದರು. ಬಿಸಿಲಿಗೆ ಒಣಗಿದ ಮೇಲೆ ಸಿದ್ದಜ್ಜ ಬೆರಳಲ್ಲಿ ತಟ್ಟಿದ. ತಮಟೆಯ ಹಾಗೆ ಡಣ್ ಎಂದಿತು. "ನೋಡ್ರಲಾ, ಅಸ್ಲೀದ್ಕಿಂತ ಇದೇ ಗಟ್ಟಿ" ಎಂದ. ಪಟೇಲರು ನನ್ನ ಕಿವಿಯ ಬಳಿ ಬಗ್ಗಿದರು. "ಯಾರ್ಗೂ ಹೇಳ್ಬ್ಯಾಡಿ. ದೇವ್ರಿಗೂ ಗೊತ್ತಾಗಾಕಿಲ್ಲ."

ಮಧ್ಯಾಹ್ನ ಲಾರಿಯಲ್ಲಿ ಉತ್ತಯ್ಯನೂ ಒಬ್ಬ ವಯಸ್ಸಾದ ಮೆಕ್ಯಾನಿಕ್ಕೂ ಬಂದರು. ನಾನು ಅವರ ಎದುರಿಗೇ ಹೋಗಿ ನಿಂತು, "ಸ್ವಾಮಿ, ರೆಕ್ಕೆಯನ್ನು ಹಸು ತಿಂದಿದೆ, ತಪ್ಪು ನನ್ನದು" ಎಂದೆ. ಎಲ್ಲರೂ ನಕ್ಕರು.

ಮದುವೆಮನೆಯಲ್ಲಿ ನಾನು ಹೇಳುವ ಕಥೆ ಹೀಗೆ ಹೋಗುತ್ತದೆ. ಮೊನ್ನೆ ಮೊಮ್ಮಗಳಿಗೂ ಹೀಗೇ ಹೇಳಿದೆ. ಅವಳು ಐದನೇ ಉಗುರಿಗೆ ಬಣ್ಣ ಹಚ್ಚುತ್ತ, ತಲೆಯೆತ್ತದೆ, "ಅವ್ರು ಲಾರಿ ಇಳೀತಿದ್ದ ಹಾಗೇ ಹೇಳಿಬಿಟ್ರಾ ತಾತ? ಅಷ್ಟು ಭಯ ಇದ್ರೂ?" ಎಂದಳು. ಇಷ್ಟು ವರ್ಷದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಎಲ್ಲರಿಗೂ ಊಟದ ಮೇಲೆ ಕಣ್ಣಿರುತ್ತಿತ್ತು.

ಇಲ್ಲ, ಹೇಳಲಿಲ್ಲ. ಮೆಕ್ಯಾನಿಕ್ಕು ಎಂಜಿನ್ ಬಿಚ್ಚಿದಾಗ ಹೇಳಲಿಲ್ಲ. ಎಣ್ಣೆ ತುಂಬಿದಾಗ ಹೇಳಲಿಲ್ಲ. ಅವನು ರೆಕ್ಕೆಗಳನ್ನು ಸುತ್ತಿ ನೋಡುತ್ತ ತೇಪೆಯ ಪಕ್ಕದಲ್ಲೇ ಹಾದುಹೋದ; ನಾನು ಹಾಜರಿ ಪುಸ್ತಕದ ಹಾಳೆ ತಿರುವುತ್ತ ನಿಂತಿದ್ದೆ. ನಡುವೆ ಶಾಲೆಗೆ ಹೋಗಿ ಒಂದರ ಗಂಟೆ ಬಾರಿಸಿಯೂ ಬಂದೆ. ಉತ್ತಯ್ಯ ಹಾರಾಟದ ಕನ್ನಡಕ ಹಾಕಿಕೊಂಡು, ಹತ್ತಲು ಕಾಲಿಟ್ಟು, ನನ್ನ ಕಡೆ ತಿರುಗಿ, "ನಿಮ್ಮಂಥೋರು ಸಿಕ್ಕಿದ್ದು ನನ್ನ ಪುಣ್ಯ ಮೇಷ್ಟ್ರೇ, ನಿಶ್ಚಿಂತೆಯಿಂದ ಮಲಗಿದ್ದೆ" ಎಂದ. ಆಗ ಬಾಯಿ ಬಿಟ್ಟೆ. ಅವನು ಆ ಮಾತು ಆಡದೆ ಹತ್ತಿಬಿಟ್ಟಿದ್ದರೆ ಏನು ಮಾಡುತ್ತಿದ್ದೆನೋ, ನಾನು ಆಣೆ ಮಾಡಿ ಹೇಳಲಾರೆ.

ಅವನು ಕಾಲು ಕೆಳಗಿಟ್ಟ. ಮೆಕ್ಯಾನಿಕ್ಕು ತೇಪೆಯನ್ನು ಹೆಬ್ಬೆರಳಿನಿಂದ ಒತ್ತಿದ, ಎಳೆದ, ಕೊನೆಗೆ ಚಾಕು ಹಾಕಿ ಕಿತ್ತ. "ಅಂಟು ಭೇಷಾಗಿದೆ. ಆದ್ರೆ ಒಂದು ಮೋಡದೊಳಗೆ ಹೋದ್ರೆ ನೆನೆದು ದೋಸೆಹಿಟ್ಟು" ಎಂದು ಹೊಟ್ಟೆ ಹಿಡಿದು ನಕ್ಕ. ಅವನು ಕಂಡ ಹಸುಗಳಲ್ಲಿ ಗೌರಿ ಮೂರನೆಯವಳಂತೆ. ಆ ವಾರ್ನಿಷಿನ ರುಚಿಗೆ ದನಗಳು ಮುಗಿಬೀಳುತ್ತವಂತೆ. ಪಟೇಲರು ನಕ್ಕರು, ಕೆಂಚಮ್ಮ ನಕ್ಕರು. ಉತ್ತಯ್ಯ ಮಾತ್ರ ನಗಲಿಲ್ಲ. "ಬಂದ ತಕ್ಷಣ ಹೇಳಬಹುದಿತ್ತಲ್ಲ ಮೇಷ್ಟ್ರೇ" ಎಂದ. ಅಷ್ಟೇ. ಹೊಸ ಬಟ್ಟೆ ಬಿಗಿದು, ವಾರ್ನಿಷ್ ಒಣಗಿ, ಮರುದಿನ ಅವನು ಹಾರುವ ಹೊತ್ತಿಗೆ ಮುಖ ತಿಳಿಯಾಗಿತ್ತು. ಊರಿನ ಮೇಲೆ ಒಂದು ಸುತ್ತು ಹಾಕಿ ಕೈಬೀಸಿದ. ನನ್ನ ನೌಕರಿಯೂ ಉಳಿಯಿತು. ಉತ್ತಯ್ಯನ ಆ ಒಂದು ಮಾತನ್ನು ಮಾತ್ರ ನಾನು ಕಥೆಯಿಂದ ಕತ್ತರಿಸಿ ತೆಗೆದು, ಜಾಗ ಕಾಣದ ಹಾಗೆ ನಗೆಯ ತೇಪೆ ಹಾಕಿ ಇಷ್ಟು ವರ್ಷ ಹಾರಿಸಿಕೊಂಡು ಬಂದೆ.

ಇದನ್ನೆಲ್ಲ ಮೊನ್ನೆ ಮೊಮ್ಮಗಳಿಗೆ ಹೇಳಿದೆ. ಅವಳು ಉಗುರುಗಳನ್ನು ಊದಿ ಒಣಗಿಸಿಕೊಂಡು ಶೀಶೆಯ ಮುಚ್ಚಳ ಹಾಕಿದಳು.

"ಮುಂದಿನ ತಿಂಗಳು ಅತ್ತೆ ಮನೆ ಗೃಹಪ್ರವೇಶ ಇದೆಯಲ್ಲ ತಾತ, ಅಲ್ಲಿ ಯಾವುದು ಹೇಳ್ತೀರಿ?"

"ಇದೇ" ಎಂದೆ.

"ಹಾಗಾದ್ರೆ ಊಟ ಆದ್ಮೇಲೆ ಹೇಳಿ. ಎಲ್ಲರೂ ಕೇಳಿಸ್ಕೊಳ್ಳಲಿ."

ಒಳಗಿನಿಂದ ಸೊಸೆ ಕೂಗಿದಳು: "ಮಾವ, ಒಂಬತ್ತಾಯ್ತು. ಸ್ನಾನ ಇಲ್ವಾ ಇವತ್ತು? ಮೈ ಹುಷಾರಿದೆ ತಾನೇ?"

ಹುಷಾರಾಗಿದ್ದೇನೆ ಎಂದು ಕೂಗಿ ಹೇಳಿದೆ. ಎದ್ದೇಳಲು ಮಾತ್ರ ಅವಸರವೆನಿಸಲಿಲ್ಲ.